ಅತ್ತಿಗೆ ಕಂಪ್ಯೂಟರ್ ಆದದ್ದು

ಊಟ ಬಲ್ಲವನಿಗೆ ರೋಗವಿಲ್ಲ, ಮಿಮಿಕ್ರಿ ಬಲ್ಲವನಿಗೆ ನೆಮ್ಮದಿಯಿಲ್ಲ. ಗಾದೆಯ ಒಂದು ಕಾಲು ಮುರಿದು ಬೇರೆ ಕಾಲು ಜೋಡಿಸಿದ್ದಾಗಿದೆ ಎಂದು ಯಾರಾದರೂ ತಕರಾರು ತೆಗೆದರೆ ತೆಗೆಯಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಈ ಗಾದೆ ಸುಳ್ಳಾದರೂ ಚಿಂತೆಯಿಲ್ಲ, ಕತೆ ಮಾತ್ರ ಅಪ್ಪಟ ನಿಜ. ನಂಬದವರು ಆ ಶಾಲೆಯ ಮೂರನೇ ಕ್ಲಾಸಿನ ಮಕ್ಕಳನ್ನು ಕೇಳಬಹುದು. ಅವರು ಒಂದಕ್ಕೆರಡು ಸೇರಿಸಿಯೇ ಹೇಳುತ್ತಾರೆ.

ಆ ಶಾಲೆಯ ಡ್ರಿಲ್ ಮೇಷ್ಟ್ರನ್ನು ಎಲ್ಲರೂ ಗಿಳಿ ಎನ್ನುತ್ತಿದ್ದರು. ಮೂಗು ಕೊಕ್ಕಿನಂತೆ ಬಾಗಿತ್ತು ಎಂಬುದು ಅರ್ಧ ಕಾರಣ, ಒಮ್ಮೆ ಕೇಳಿದ ದನಿಯನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದ ಎಂಬುದು ಉಳಿದರ್ಧ. ಹೆಡ್‌ಮೇಷ್ಟ್ರ ಕೆಮ್ಮು, ಗೇಟಿನ ಕಿರುಗುಟ್ಟು, ನೀರಿನ ಪಂಪು ಶುರುವಾಗುವಾಗಿನ ಏದುಸಿರು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. ಅದೇ ಶಾಲೆಯ ಮೂರನೇ ಕ್ಲಾಸಿನ ಟೀಚರು ಅವನ ಅತ್ತಿಗೆ. ಅಣ್ಣ ಬಸ್ ಡ್ರೈವರು. ಮೂವರದೂ ಒಂದೇ ಮನೆ, ಒಂದೇ ಒಲೆ.

ಆ ವರ್ಷ ಪ್ರಾಥಮಿಕ ಶಾಲೆಗಳಿಗೆ ಹೊಸ ಕಂಪ್ಯೂಟರ್ ಪಠ್ಯ ಬಂತು. ಮೊದಲು ಪುಸ್ತಕ, ಆಮೇಲೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಯಂತ್ರ, ಯಂತ್ರದ ಜೊತೆ ಭಯ ಪುಕ್ಕಟೆ. ಮೊದಲ ಪಾಠ ನೋಡಲು ಇನ್ಸ್‌ಪೆಕ್ಟರು ಖುದ್ದು ಬರುತ್ತಾರೆ, ಅವರಿಗೆ ಒಪ್ಪಿಗೆಯಾಗದಿದ್ದರೆ ಮೂರನೇ ಕ್ಲಾಸು ಹೊಸದಾಗಿ ಬಂದ ಹುಡುಗಿ ಟೀಚರಿಗೆ, ಅತ್ತಿಗೆಗೆ ಸಾಮಾನು ಕೋಣೆಯ ಉಸ್ತುವಾರಿ ಎಂದು ಹೆಡ್‌ಮೇಷ್ಟ್ರು ಸಾರಿಬಿಟ್ಟರು. ಮಕ್ಕಳಿಲ್ಲದ ಕೋಣೆಯಲ್ಲಿ ಸೀಮೆಸುಣ್ಣದ ಡಬ್ಬಿಗಳಿಗೆ ಹಾಜರಿ ಹಾಕಿಕೊಂಡು ಕೂರುವುದು! ಹಲ್ಲು ಬಿದ್ದ ಬಾಯಲ್ಲಿ ಮಗ್ಗಿ ಹೇಳುವ ಮಕ್ಕಳ ನಡುವೆಯೇ ಕೂದಲು ನೆರೆಸಿಕೊಂಡ ಅತ್ತಿಗೆಗೆ ಆ ಮಾತು ಕೇಳಿದಂದಿನಿಂದ ಅನ್ನ ಸೇರಲಿಲ್ಲ.

ತರಕಾರಿ ಹೆಚ್ಚುತ್ತಾ ಅವರು ಪುಸ್ತಕ ಉರು ಹೊಡೆಯುತ್ತಿದ್ದರು. "ಇದು ಮಾನಿಟರ್. ಇದು ಕೀಬೋರ್ಡ್. ಇದು ಮೌಸ್." ಶಾಲೆಯಲ್ಲಿ ನಿಜವಾದ ಮೌಸ್ ಮುಟ್ಟಿದರೆ ಮಾತ್ರ ಪರದೆಯ ಮೇಲಿನ ಬಾಣ ಎಲ್ಲೋ ಮೂಲೆ ಸೇರಿಕೊಳ್ಳುತ್ತಿತ್ತು.

"ಅತ್ತಿಗೆ, ಗಣಕ ಅನ್ನಿ ಕಣಕ ಅನ್ನಿ, ನಾದಿದಷ್ಟೂ ಮೆತ್ತಗಾಗುತ್ತೆ," ಎಂದು ಗಿಳಿ ಚುಡಾಯಿಸುತ್ತಿದ್ದ.

"ನಿನ್ನ ನಾಲಿಗೆ ನಾದಬೇಕು ಕಣೋ," ಎನ್ನುತ್ತಿದ್ದರು ಅತ್ತಿಗೆ. ಆದರೆ ನಗುತ್ತಿರಲಿಲ್ಲ. ಅವರನ್ನು ನಗಿಸಬೇಕು ಎಂಬ ಹಟವೇ ಗಿಳಿಯ ಎಡವಟ್ಟಿಗೆ ಮೂಲ.

ಇನ್ಸ್‌ಪೆಕ್ಟರು ಬರುವ ಹಿಂದಿನ ದಿನ ಮಧ್ಯಾಹ್ನ ಆಫೀಸಿನಲ್ಲಿ ಯಾರೂ ಇರಲಿಲ್ಲ. ಗಿಳಿ ಅಲ್ಲಿಂದ ಸ್ಟಾಫ್ ರೂಮಿನ ಫೋನಿಗೆ ಕರೆ ಮಾಡಿದ. ಅತ್ತಿಗೆ ಎತ್ತಿಕೊಂಡರು. ಅವನು ಮೂಗು ಹಿಡಿದುಕೊಂಡು ಇನ್ಸ್‌ಪೆಕ್ಟರ ದನಿ ತೆಗೆದ. ನೆಗಡಿ ಹಿಡಿದ ಕಹಳೆಯಂಥ ದನಿ ಅದು.

"ಹ್ಞಾಂ, ಮೂರನೇ ಕ್ಲಾಸಿನ ಮೇಡಂ ತಾನೇ? ನಾಳೆ ಪಾಠದಲ್ಲಿ ಯಂತ್ರ ಮುಟ್ಟಕೂಡದು. ನೀವೇ ಯಂತ್ರ ಆಗಬೇಕು. ಮಕ್ಕಳು ಹೇಳಿದ್ದನ್ನ ಹೇಳಿದ ಹಾಗೇ ಮಾಡಬೇಕು. ಸ್ವಂತ ಬುದ್ಧಿ ಒಂದು ಚೂರೂ ಬಳಸಕೂಡದು. ಅರ್ಥ ಆಯ್ತೋ, ಅರ್ಥ ಮಾಡಿಸಬೇಕೋ?"

ಆ ಕಡೆಯಿಂದ ಸಣ್ಣ ದನಿ ಬಂತು. "ನಿಜವಾಗ್ಲೂ ಮುಟ್ಟೋದು ಬೇಡ್ವಾ ಸರ್?"

"ಮುಟ್ಟಿದ್ರೆ ನೋಡಿ ಮತ್ತೆ!"

ಫೋನಿಟ್ಟು ಗಿಳಿ ಅಂಗಿಯ ಕಾಲರು ಕಚ್ಚಿಕೊಂಡು ನಕ್ಕ. ಟೀ ಹೊತ್ತಿಗೆ ಎಲ್ಲರ ಮುಂದೆ ಅದೇ ದನಿಯಲ್ಲಿ "ಮೇಡಂ, ಯಂತ್ರಕ್ಕೆ ಸಕ್ಕರೆ ಎಷ್ಟು?" ಎಂದು ಕೇಳಿ ಗುಟ್ಟು ಒಡೆಯುವುದು ಅವನ ಲೆಕ್ಕ. ಆದರೆ ಮೈದಾನದಲ್ಲಿ ಒಂದು ಮಗು ಬಿದ್ದು ಮೊಣಕಾಲು ತರಚಿಕೊಂಡಿತು. ತೊಳೆದು, ಪಟ್ಟಿ ಕಟ್ಟಿ, ಅಳು ನಿಲ್ಲಿಸಿ ಬರುವಷ್ಟರಲ್ಲಿ ಅತ್ತಿಗೆ ಮನೆಗೆ ಹೊರಟುಹೋಗಿದ್ದರು.

ಮನೆಗೆ ಬಂದರೆ ಅಲ್ಲಿ ಬೇರೆಯೇ ಅತ್ತಿಗೆ ಇದ್ದರು. ಪುಸ್ತಕ ಕಪಾಟು ಸೇರಿತ್ತು. ಅಣ್ಣ ನಡುಮನೆಯಲ್ಲಿ ನಿಂತು, ಬಸ್ಸಿನಲ್ಲಿ ಕೂಗುವಂತೆ ಕೂಗುತ್ತಿದ್ದ. "ಮುಂದೆ ಹೋಗು! ಬಾಗಿಲು ಹಾಕು!"

ಅತ್ತಿಗೆ ಮುಂದೆ ಹೋದರು, ಹೊಸಿಲು ದಾಟಿದರು, ಬಾಗಿಲು ಎಳೆದುಕೊಂಡರು. ಅವರು ಹೊರಗೆ, ಗಂಡ ಒಳಗೆ.

"ಅಯ್ಯೋ, ಒಳಗೆ ಬಾರೇ!"

"ಎಲ್ಲಿ ನಿಂತು ಹಾಕಬೇಕು ಅಂತ ಹೇಳಲೇ ಇಲ್ವಲ್ಲ ನೀವು?" ಹೊರಗಿನಿಂದ ಉತ್ತರ ಬಂತು. "ಕಂಪ್ಯೂಟರಿಗೆ ಏನು ಗೊತ್ತು?"

"ಮದುವೆ ಆದಾಗಿಂದ ನಾನು ಹೇಳಿದ್ದು ಇದೊಂದೇ ಕೇಳಿದ್ದು ಇವಳು. ಅದೂ ಹಿಂಗೆ!" ಎಂದು ಅಣ್ಣ ಹಣೆ ಚಚ್ಚಿಕೊಂಡ.

ಬಾಗಿಲು ತೆಗೆಯಲು ಗಿಳಿಯೇ ಹೋದ. ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. "ಅತ್ತಿಗೆ, ಅದು ನಾನು..." ಎಂದು ಬಾಯಿ ತೆರೆದ.

"ಆ ಇನ್ಸ್‌ಪೆಕ್ಟರು ದೇವರಂಥವರು ಕಣೋ," ಎಂದರು ಅತ್ತಿಗೆ. ಕಣ್ಣಲ್ಲಿ ನೀರಾಡುತ್ತಿತ್ತು. "ಇವತ್ತು ಬೆಳಿಗ್ಗೆ ರಾಜೀನಾಮೆ ಕೊಟ್ಟುಬಿಡೋಣ ಅಂತಿದ್ದೆ. ಮಕ್ಕಳು ಹೇಳಿದ್ದು ಕೇಳೋದು ನನಗೆ ಬರಲ್ವಾ? ಅದೇ ತಾನೇ ಇಷ್ಟು ವರ್ಷ ಮಾಡಿರೋದು. ಏನೋ ಹೇಳ್ತಿದ್ದೆ?"

"ಏನಿಲ್ಲ. ಚಿಲಕ ಬಿಗಿ ಆಗಿದೆ, ಎಣ್ಣೆ ಬಿಡಬೇಕು," ಎಂದ ಗಿಳಿ.

ಚಿಲಕಕ್ಕೆ ಎಣ್ಣೆ ಬಿಟ್ಟ. ಬೇಡದ ಕಿಟಕಿಗಳಿಗೂ ಬಿಟ್ಟ. ಕುಂತರೆ ನಿಲ್ಲಬೇಕು, ನಿಂತರೆ ಕೂರಬೇಕು, ಮೈಯೆಲ್ಲ ಇರುವೆ ಬಿಟ್ಟಂತೆ. ಹೇಳಿದರೆ ಅತ್ತಿಗೆ ಮತ್ತೆ ಪುಸ್ತಕ ಹಿಡಿದು ಉರು ಹೊಡೆಯುತ್ತಾರೆ, ನಾಳೆ ಯಂತ್ರದ ಮುಂದೆ ಸೋಲುತ್ತಾರೆ. ಹೇಳದಿದ್ದರೆ ಇನ್ಸ್‌ಪೆಕ್ಟರ ಮುಂದೆ ಸಿಕ್ಕಿಬೀಳುತ್ತಾರೆ. ಅತ್ತ ದರಿ ಇತ್ತ ಪುಲಿ, ನಡುವೆ ಗಿಳಿ. ಊಟಕ್ಕೆ ಕೂತಾಗ ಅತ್ತಿಗೆ ಎರಡನೇ ಸಲ ಬಡಿಸಿಕೊಂಡರು. ಅವನ ತಟ್ಟೆಯಲ್ಲಿ ಮೊದಲನೆಯದೇ ಮಿಕ್ಕಿತು.

"ಯಾಕೋ, ಹೊಟ್ಟೆ ಕೆಟ್ಟಿದೆಯಾ?" ಎಂದು ಕೇಳಿದ ಅಣ್ಣ.

"ಹೊಟ್ಟೆಯಲ್ಲ, ಬಾಯಿ," ಎಂದು ಗಿಳಿ ಎದ್ದುಹೋದ.

ಮರುದಿನ ಅವನು ಮಕ್ಕಳಿಗಿಂತ ಮೊದಲೇ ಗೇಟಿನ ಬಳಿ ನಿಂತ. ಇನ್ಸ್‌ಪೆಕ್ಟರ ಕಾರು ಒಳಗೆ ಬಂದದ್ದೇ ಓಡಿಹೋಗಿ ಬಾಗಿಲು ತೆಗೆದ. "ಸರ್, ಮೊದಲು ನಮ್ಮ ಡ್ರಿಲ್ ನೋಡಿಬಿಡಿ. ಮಕ್ಕಳು ಪಿರಮಿಡ್ಡು ಕಟ್ತಾರೆ."

"ಕಂಪ್ಯೂಟರ್ ನೋಡೋಕೆ ಬಂದೋನಿಗೆ ಪಿರಮಿಡ್ಡು ಯಾಕಪ್ಪಾ?"

"ಹಂಗಾದ್ರೆ ಐದನೇ ಕ್ಲಾಸಿಂದ ಶುರು ಮಾಡಿ ಸರ್, ಗಾಳಿ ಚೆನ್ನಾಗಿ ಬರುತ್ತೆ."

"ಮೂರರಿಂದ ಶುರು ಅಂತ ಆರ್ಡರಿದೆ. ಅರ್ಥ ಆಯ್ತೋ, ಅರ್ಥ ಮಾಡಿಸಬೇಕೋ?"

ತನ್ನದೇ ಪದಕ ಇನ್ನೊಬ್ಬರ ಕೊರಳಲ್ಲಿ ಕಂಡಂತಾಯಿತು ಗಿಳಿಗೆ. ದೊಡ್ಡವರು ಒಳಗೆ ನಡೆದರು, ಹಿಂದೆ ಹೆಡ್‌ಮೇಷ್ಟ್ರು. ಅವನು ಚೆಂಡುಗಳ ಬಲೆ ಹೆಗಲಿಗೇರಿಸಿಕೊಂಡು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಅಲೆದ. ಮೂರನೇ ಕ್ಲಾಸಿನ ಬಾಗಿಲು ದಾಟುವಾಗ ಮಾತ್ರ ನಡಿಗೆ ನಿಧಾನವಾಗುತ್ತಿತ್ತು. ಕೊನೆಗೆ ಅಲ್ಲೇ ನಿಂತ.

ಒಳಗೆ ಹೊಸ ಯಂತ್ರದ ಮೇಲೆ ಹೊದಿಕೆ ಹಾಗೇ ಇತ್ತು. ಅತ್ತಿಗೆ ಮೇಜಿನ ಪಕ್ಕ ನೆಟ್ಟಗೆ ನಿಂತಿದ್ದರು.

"ಮಕ್ಕಳೇ, ಇವತ್ತು ನಾನು ಮಿಸ್ ಅಲ್ಲ, ಕಂಪ್ಯೂಟರ್. ನೀವು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತೀನಿ. ಈಗ ಒಂದು ಪೆನ್ಸಿಲ್ ಚೂಪು ಮಾಡಿಸಬೇಕು. ಯಾರದ್ದು ಮೊಂಡಾಗಿದೆ?"

ಇನ್ಸ್‌ಪೆಕ್ಟರದ್ದೇ ಮೊಂಡಾಗಿತ್ತು. ಒಂದು ತುದಿ ಕೆಂಪು, ಒಂದು ತುದಿ ನೀಲಿ, ವರದಿಗಳಿಗೆ ಗೆರೆ ಎಳೆಯುವ ದಪ್ಪ ಪೆನ್ಸಿಲ್ಲು. ಅವರೇ ಮುಂದೆ ಚಾಚಿದರು. ಗಿಳಿ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಮಿಸ್, ಚೂಪು ಮಾಡಿ!" ಎಂದು ಇಡೀ ಕ್ಲಾಸು ಕೂಗಿತು.

ಅತ್ತಿಗೆ ಅಲುಗಲಿಲ್ಲ. "ಚೂಪು ಮಾಡೋದು ಹೇಗೆ ಅಂತ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿಲ್ಲ."

"ಪೆನ್ಸಿಲ್ ತಗೊಳ್ಳಿ." ತಗೊಂಡರು. "ಮೆಂಡರ್ ತಗೊಳ್ಳಿ." ತಗೊಂಡರು. "ಪೆನ್ಸಿಲ್ ಮೆಂಡರಿನ ತೂತಿಗೆ ಹಾಕಿ." ಹಾಕಿದರು. "ತಿರುಗಿಸಿ." ಒಂದೇ ಸುತ್ತು ತಿರುಗಿಸಿ ನಿಂತರು. "ಇನ್ನೊಂದ್ಸಲ!" ಇನ್ನೊಂದೇ ಸುತ್ತು.

"ಅಯ್ಯೋ, ತಿರುಗಿಸ್ತಾನೇ ಇರಿ!" ಎಂದು ತಾಳ್ಮೆಗೆಟ್ಟ ಎರಡು ಜಡೆಯ ಹುಡುಗಿಯೊಬ್ಬಳು ಕಿರುಚಿದಳು.

ಅತ್ತಿಗೆ ತಿರುಗಿಸುತ್ತಲೇ ಇದ್ದರು. ಕೆಂಪು ಸಿಪ್ಪೆ ಸುರುಳಿ ಸುರುಳಿಯಾಗಿ ಮೇಜಿನ ಮೇಲೆ ಬಿತ್ತು. ಮೊನೆ ಬಂತು. ಮೊನೆ ಮುರಿಯಿತು. ಮತ್ತೆ ಬಂತು. ಮಕ್ಕಳು ಬೆಂಚಿನ ಮೇಲೆ ಬಿದ್ದು ನಗುತ್ತಿದ್ದರು. ಇನ್ಸ್‌ಪೆಕ್ಟರು ಕುರ್ಚಿಯ ತುದಿಗೆ ಬಂದರು. ಹೆಡ್‌ಮೇಷ್ಟ್ರು "ಮೇಡಂ, ಮೇಡಂ" ಎಂದರು. ಆದರೆ ಅಲ್ಲಿ ಮೇಡಂ ಎಲ್ಲಿದ್ದರು? ಕೆಂಪು ಮುಗಿದು ನೀಲಿ ಸಿಪ್ಪೆ ಶುರುವಾಯಿತು. ನಗುವಿನ ನಡುವೆ ಉಸಿರು ಸಿಕ್ಕಿ ಎರಡು ಜಡೆಯವಳು "ನಿಲ್ಲಿಸಿ!" ಎನ್ನುವಷ್ಟರಲ್ಲಿ ಅತ್ತಿಗೆಯ ಬೆರಳಲ್ಲಿ ಉಳಿದದ್ದು ಉಗುರಿನಷ್ಟು ತುಂಡು. ಅದನ್ನು ಇನ್ಸ್‌ಪೆಕ್ಟರ ಅಂಗೈಗೆ ಹಾಕಿ ಮತ್ತೆ ನೆಟ್ಟಗೆ ನಿಂತರು.

ಇನ್ಸ್‌ಪೆಕ್ಟರು ಆ ತುಂಡನ್ನು ನೋಡಿದರು. ಮಕ್ಕಳು ಎದ್ದು ನೆಟ್ಟಗೆ ಕೂತರು.

"ಮೇಡಂ, ಇವತ್ತಿನ ಪಾಠ ಕಂಪ್ಯೂಟರಿನ ಭಾಗಗಳು. ಈ ಸರ್ಕಸ್ ಮಾಡೋಕೆ ಹೇಳಿದ್ದು ಯಾರು?"

"ತಾವೇ ಹೇಳಿದ್ರಲ್ಲ ಸರ್, ನಿನ್ನೆ ಫೋನಲ್ಲಿ."

"ನಾನಾ? ನಾನು ಯಾರಿಗೂ ಫೋನೇ ಮಾಡಿಲ್ಲವಲ್ಲ."

"ತಮ್ಮದೇ ದನಿ ಸರ್..."

"ಪಾಠ ಬರಲ್ಲ ಅಂತ ಒಪ್ಪಿಕೊಳ್ಳೋದು ಬಿಟ್ಟು ಸುಳ್ಳು ಬೇರೆ ಹೇಳ್ತೀರಾ?" ಎಂದು ಹೆಡ್‌ಮೇಷ್ಟ್ರು ನಡುವೆ ಬಾಯಿ ಹಾಕಿದರು. "ಮಕ್ಕಳ ಮುಂದೆ?"

ಸುಳ್ಳು ಹೇಳಿದವರನ್ನು ಇಷ್ಟು ವರ್ಷ ಮೂಲೆಯಲ್ಲಿ ನಿಲ್ಲಿಸಿದವರು ಅತ್ತಿಗೆ. ಈಗ ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದರು. ಗಿಳಿಗೆ ಇನ್ನು ನಿಲ್ಲಲಾಗಲಿಲ್ಲ. ಹೊಸಿಲು ದಾಟಿ ಒಳಗೆ ನುಗ್ಗಿದ, ಚೆಂಡುಗಳು ಬಲೆಯಿಂದ ಉರುಳಿ ಬೆಂಚುಗಳ ಕೆಳಗೆ ಓಡಿದವು. ತನ್ನ ದನಿಯಲ್ಲಿ ಮಾತಾಡಬೇಕೆಂದೇ ಬಾಯಿ ತೆರೆದದ್ದು. ಗಾಬರಿಗೆ ಗಂಟಲು ಹಳೆಯ ದಾರಿಯನ್ನೇ ಹಿಡಿಯಿತು.

"ಹ್ಞಾಂ, ಅವರದ್ದು ಸುಳ್ಳಲ್ಲ! ಹೇಳಿದ್ದು ನಾನೇ!"

ನೆಗಡಿ ಹಿಡಿದ ಕಹಳೆ. ಇನ್ಸ್‌ಪೆಕ್ಟರು ಬಾಯಿ ಮುಚ್ಚಿಕೊಂಡೇ ಇದ್ದರು, ಆದರೂ ಅವರ ದನಿ ಕೋಣೆಯಲ್ಲೆಲ್ಲ ಮೊಳಗಿತು. ಅವರು ಒಮ್ಮೆ ತಮ್ಮ ಗಂಟಲನ್ನೇ ಮುಟ್ಟಿ ನೋಡಿಕೊಂಡರು.

"ತಪ್ಪಾಯ್ತು ಸರ್," ಎಂದ ಗಿಳಿ, ಈ ಸಲ ಸ್ವಂತ ದನಿಯಲ್ಲಿ, ತೊದಲುತ್ತಾ. "ಅತ್ತಿಗೆ ನಗಲಿ ಅಂತ ಮಾಡಿದ್ದು. ಅವರಿಗೇನೂ ಗೊತ್ತಿಲ್ಲ. ಶಿಕ್ಷೆ ನನಗೆ ಕೊಡಿ, ಅವರ ಕ್ಲಾಸು ಮಾತ್ರ ಕಿತ್ಕೋಬೇಡಿ."

ಅತ್ತಿಗೆ ಅವನತ್ತ ತಿರುಗಿದರು. ತಪ್ಪು ಲೆಕ್ಕ ಬರೆದ ಹುಡುಗನನ್ನು ನೋಡುವ ನೋಟ, ಎಲ್ಲಿ ತಪ್ಪಿದ ಎಂದು ಹುಡುಕುವ ನೋಟ. ಗಿಳಿಗೆ ಒಂದು ಏಟಾದರೂ ಬಿದ್ದಿದ್ದರೆ ಹಾಯೆನಿಸುತ್ತಿತ್ತು.

ಇನ್ಸ್‌ಪೆಕ್ಟರು ಅವನನ್ನು ಬಿಟ್ಟು ಮಕ್ಕಳ ಕಡೆ ಮುಖ ಮಾಡಿದರು. "ನಿಮ್ಮ ಕಂಪ್ಯೂಟರ್ ನನ್ನ ಪೆನ್ಸಿಲ್ ಹಾಳು ಮಾಡಿತಲ್ಲ, ಅದಕ್ಕೆ ಏನು ಮಾಡೋಣ?"

ಎರಡು ಜಡೆಯವಳು ಎದ್ದು ನಿಂತಳು. "ಹಾಳು ಮಾಡಿದ್ದು ಕಂಪ್ಯೂಟರ್ ಅಲ್ಲ ಸರ್, ನಾವು. ಅರ್ಧ ಮಾತ್ರ ಹೇಳಿದ್ವಿ. ಮೊನೆ ಬರೋ ತನಕ ತಿರುಗಿಸಿ, ಬಂದ ಮೇಲೆ ನಿಲ್ಲಿಸಿ ಅಂತ ಹೇಳಬೇಕಿತ್ತು."

"ಮುರಿದ್ರೆ ಮತ್ತೆ ಮೊದಲಿಂದ ಅಂತಾನೂ ಹೇಳಬೇಕಿತ್ತು," ಎಂದಿತು ಹಿಂದಿನ ಬೆಂಚು.

ಇನ್ಸ್‌ಪೆಕ್ಟರು ಕಂಪ್ಯೂಟರ್ ಪಠ್ಯಪುಸ್ತಕ ತೆರೆದು ಹಾಳೆ ಮಗುಚಿದರು, ಮಗುಚುತ್ತಲೇ ಹೋದರು. ಆ ಹುಡುಗಿ ಹೇಳಿದ ಮಾತು ಕೊನೆಕೊನೆಯ ಪಾಠದಲ್ಲಿತ್ತು, ವರ್ಷದ ಕೊನೆಗೆ ಬರಬೇಕಾದದ್ದು. ಪುಸ್ತಕ ಮುಚ್ಚಿ ಹೆಡ್‌ಮೇಷ್ಟ್ರಿಗೆ ಕೊಟ್ಟರು. "ಮೂರನೇ ಕ್ಲಾಸಲ್ಲಿ ಈ ಮೇಡಂ ಇರ್ತಾರೆ. ಬೇರೆ ಕ್ಲಾಸಿನ ಟೀಚರುಗಳನ್ನೂ ಇಲ್ಲಿ ಕೂರಿಸಿ. ಇನ್ನು ಈ ನನ್ನ ದನಿಯ ಅವಳಿ ತಮ್ಮನ ವಿಚಾರ..."

"ಸರ್, ಅವನನ್ನ ನನಗೆ ಬಿಡಿ," ಎಂದರು ಅತ್ತಿಗೆ. ದನಿ ಇನ್ನೂ ಬಿಗಿಯಾಗಿಯೇ ಇತ್ತು. "ಮಕ್ಕಳೇ, ಮೊದಲನೇ ಕಂಪ್ಯೂಟರಿಗೆ ಸುಸ್ತಾಗಿದೆ. ಇದು ಎರಡನೇದು. ಏನು ಹೇಳಿದ್ರೂ ಮಾಡುತ್ತೆ."

ಗಿಳಿ ಮೇಜಿನ ಪಕ್ಕ ನೆಟ್ಟಗೆ ನಿಂತ. ಬೇರೆ ದಾರಿಯೇ ಇರಲಿಲ್ಲ.

"ಇನ್ಸ್‌ಪೆಕ್ಟರ್ ಸರ್ ಥರ ಮಾತಾಡಿ!" ಒಂದೇ ಕೊರಳಲ್ಲಿ ಅಪ್ಪಣೆಯಾಯಿತು.

ಅವನು ಅತ್ತಿಗೆಯತ್ತ ನೋಡಿದ, ಅವರು ಮುಖ ತಿರುಗಿಸಿದರು. ಇನ್ಸ್‌ಪೆಕ್ಟರತ್ತ ನೋಡಿದ, ಅವರು ಕೈಕಟ್ಟಿ ಕೂತಿದ್ದರು. "ಹ್ಞಾಂ," ಎಂದು ಶುರುಮಾಡಿದ. ಹೆಡ್‌ಮೇಷ್ಟ್ರನ್ನು ಗದರಿದ, ಹೊದಿಕೆ ಹೊದ್ದ ಯಂತ್ರವನ್ನು ಎದ್ದು ನಿಲ್ಲೆಂದ, ಉರುಳಿಹೋದ ಚೆಂಡುಗಳಿಗೆ ವರ್ಗಾವಣೆ ಆರ್ಡರು ಓದಿದ. ಮಕ್ಕಳು ಮೊದಲು ನಕ್ಕರು. ಇನ್ಸ್‌ಪೆಕ್ಟರ ತುಟಿ ಬಿಗಿದು, ಬಿಗಿದು, ಸಡಿಲಿತು. ಹೆಡ್‌ಮೇಷ್ಟ್ರು ಕೆಮ್ಮುವ ನೆಪದಲ್ಲಿ ಕರವಸ್ತ್ರ ಹುಡುಕಿದರು. ಗಿಳಿಯ ಗಂಟಲು ಒಣಗಿತು, ಮಾತು ಮುಗಿದು ಹಳೆಯದೇ ಮತ್ತೆ ಸುತ್ತತೊಡಗಿತು. ನಿಲ್ಲಿಸಿ ಎಂದು ಯಾರಾದರೂ ಹೇಳಲಿ ಎಂದು ಅವನು ಕಣ್ಣಲ್ಲೇ ಬೇಡಿದ.

ಎರಡು ಜಡೆಯವಳು ಕನಿಕರಪಟ್ಟು ಬಾಯಿ ತೆರೆಯಲು ಹೋದಳು.

"ಏಯ್, ಹೇಳ್ಬೇಡ ಕಣೇ! ನಡೀಲಿ ಇನ್ನೂ!" ಎಂದರು ಅತ್ತಿಗೆ. ಅಷ್ಟು ಹೇಳುವಷ್ಟರಲ್ಲಿ ಒಳಗೆ ಎಲ್ಲೋ ಕಟ್ಟೆ ಒಡೆಯಿತು. ಸೆರಗು ಬಾಯಿಗೆ ತುರುಕಿದರೂ ನಿಲ್ಲಲಿಲ್ಲ. ಮೇಜು ಹಿಡಿದು, ಬಗ್ಗಿ, ಕಣ್ಣೊರೆಸಿಕೊಂಡು, ಪೆನ್ಸಿಲ್ ಸಿಪ್ಪೆಯ ಮೇಲೆ ಕೈಯೂರಿ ನಕ್ಕರು. ಆ ನಗುವಿನಲ್ಲಿ ಇಡೀ ಕ್ಲಾಸಿನ ನಗು ಮುಳುಗಿ ಹೋಯಿತು. ಪಕ್ಕದ ಕೋಣೆಗಳಲ್ಲಿ ಪಾಠ ನಿಂತು, ಮಕ್ಕಳೂ ಟೀಚರುಗಳೂ ಏನಾಯಿತೆಂದು ಕಿಟಕಿಗೆ ಮುತ್ತಿಕೊಂಡರು.