ಮರಗಳಿಗೆ ಸ್ನಾನ

ಉದ್ಯಾನದ ಮೇಲ್ವಿಚಾರಕನಿಗೆ ಒಂದೇ ಆಸೆ: ಈ ವರ್ಷವಾದರೂ ಬಹುಮಾನ ಬರಬೇಕು, ನಿರ್ದೇಶಕರ ಖಾಲಿ ಕುರ್ಚಿ ತನ್ನದಾಗಬೇಕು. ತೀರ್ಪುಗಾರರು ಗುರುವಾರ ಬರುತ್ತಾರೆ ಅಂತ ಗೊತ್ತಾದದ್ದೇ ತಡ, ಮಹಾರಾಯನ ಕಣ್ಣು ಮರಗಳ ಮೇಲೆ ಬಿತ್ತು. ಕಾಂಡದ ತುಂಬಾ ಪಾಚಿ, ಕಲ್ಲುಹೂವಿನ ಬೂದು ಚಕ್ಕೆ, ಕವಲಿನಲ್ಲಿ ಜರೀಗಿಡ.

"ಥೂ! ಮರಕ್ಕೆಲ್ಲ ಚರ್ಮರೋಗ! ಉಜ್ಜಿ!"

ಮಾಲಿಗಳು ತಂತಿ ಬ್ರಷ್ಷು, ಸಾಬೂನು ನೀರು ಹಿಡಿದು ಏಣಿ ಹತ್ತಿದರು. ಬುಧವಾರ ಸಂಜೆಗೆ ಮರಗಳು ಆಗಷ್ಟೇ ಕ್ಷೌರ ಮಾಡಿಸಿಕೊಂಡವರ ಹಾಗೆ ನುಣ್ಣಗೆ ನಿಂತಿದ್ದವು. "ಈಗ ನೋಡಿ, ಮರ ಅಂದ್ರೆ ಮರ!" ಅಂತ ಮೇಲ್ವಿಚಾರಕ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಕೈ ಒದ್ದೆ ಮಾಡಿಕೊಳ್ಳದವನು ಒಬ್ಬನೇ, ಅವನ ಬಾಮೈದ. ಹೆಂಡತಿಯ ಕಾಟ ತಾಳಲಾರದೆ ಕೆಲಸಕ್ಕೆ ಹಾಕಿಕೊಂಡ ಪ್ರಾಣಿ. ಪಂಪುಮನೆ ಹಿಂದಿನ ಮುದಿಮರ ಅವನ ಪಾಲಿಗೆ ಬಂದಿತ್ತು. ಅದರ ಬುಡದಲ್ಲೇ ಗೊರಕೆ ಹೊಡೆಯುತ್ತಿದ್ದ.

"ಹಾಳಾಗಿ ಹೋಗು! ಆ ಮೂಲೆಗೆ ಯಾರು ಬರ್ತಾರೆ?" ಅಂತ ಭಾವ ಕೈಬಿಟ್ಟ.

ಗುರುವಾರ ಇಲಾಖೆಯ ಕಾರ್ಯದರ್ಶಿಯ ಜೊತೆ ತೀರ್ಪುಗಾರ್ತಿ ಬಂದರು. ಹೂವಿನ ಪಾತಿಗಳ ಕಡೆ ತಿರುಗಿಯೂ ನೋಡದೆ ಭೂತಗನ್ನಡಿ ಹಿಡಿದು ಕಾಂಡಕ್ಕೆ ಮೂಗು ತಾಗಿಸಿದರು. ಅವರ ಮುಖ ಸಪ್ಪಗಾಯಿತು.

"ಇದರ ಮೇಲೆ ಬೆಳೆದದ್ದೆಲ್ಲ ಎಲ್ಲಿ?"

"ತೊಳೆದು ಹಾಕಿದೀವಿ ಮೇಡಂ! ಒಂಚೂರೂ ಬಿಟ್ಟಿಲ್ಲ!"

"ಅಯ್ಯೋ ಪುಣ್ಯಾತ್ಮ! ಅದು ಮರದಿಂದ ಏನು ಕಿತ್ಕೊಳ್ತಿತ್ತು? ಕೂರೋಕೆ ಜಾಗ ಕೇಳ್ತಿತ್ತು, ಅಷ್ಟೇ. ಈ ಸಲ ಬಹುಮಾನ ಇರೋದೇ ಅಂಥ ಜೀವಿಗಳಿಗೆ ಅಂತ ಹೇಳಿದ್ವಲ್ಲ?"

ಹೇಳಿದ್ದರು, ನಿಜ. 'ಬಹುಮಾನ' ಅನ್ನೋದು ಕಿವಿಗೆ ಬಿದ್ದ ಮೇಲೆ ಮುಂದಿನದ್ದು ಅವನಿಗೆ ಕೇಳಿಸಿರಲಿಲ್ಲ.

ಅಷ್ಟರಲ್ಲಿ ಪಂಪುಮನೆ ಹಿಂದಿನಿಂದ ಗೊರಕೆ ಕೇಳಿಸಿತು. ಏನಪ್ಪಾ ಇದು ಅಂತ ಆಕೆ ಅತ್ತ ಹೋದರು. ಮುದಿಮರದ ಮೈಮೇಲೆ ಬೆರಳಿಡಲು ಜಾಗವಿಲ್ಲದಷ್ಟು ಪಾಚಿ, ಕಲ್ಲುಹೂವು, ಜರೀಗಿಡ. ಆಕೆಯ ಕಣ್ಣು ತುಂಬಿಬಂತು.

"ಈ ಮರ ನೋಡಿಕೊಂಡವರು ಯಾರು?"

ಬಾಮೈದ ಆಕಳಿಸುತ್ತಾ ಎದ್ದ. "ನಾನೇ ಅಮ್ಮ. ಆದ್ರೆ ನಾನೇನೂ ಮಾಡಿಲ್ಲ."

"ಅದೇ ಬೇಕಾಗಿತ್ತು!" ಅಂದರು ಆಕೆ. ಕಾರ್ಯದರ್ಶಿ ತಲೆದೂಗಿದರು. ಇಲಾಖೆಯಲ್ಲಿ ಇಂಥ ಸಂಯಮ ಅವರು ಕಂಡೇ ಇರಲಿಲ್ಲವಂತೆ.

ಮುಂದಿನ ತಿಂಗಳು ನಿರ್ದೇಶಕರ ಕುರ್ಚಿಯಲ್ಲಿ ಬಾಮೈದ ಕಾಲು ಚಾಚಿ ಕೂತ. ಎದುರಿಗೆ ಮೇಲ್ವಿಚಾರಕ ಕೈಕಟ್ಟಿ ನಿಂತ.

"ಇವತ್ತು ಏನು ಕೆಲಸ ಮಾಡಿಸಲಿ... ಸಾರ್?"

"ಏನೂ ಬೇಡ ಭಾವ. ಹೋಗಿ ಮರದ ಕೆಳಗೆ ಸುಮ್ಮನೆ ಕೂತ್ಕೊಳ್ಳಿ. ಅಷ್ಟಾದ್ರೂ ಆಗತ್ತಾ ನಿಮ್ಮ ಕೈಲಿ?"

ಆಗಲಿಲ್ಲ. ಹುಲ್ಲು ಕಿತ್ತದ್ದಕ್ಕೆ ಮಧ್ಯಾಹ್ನವೇ ಮೆಮೋ ಬಂತು.