ಎಬ್ಬಿಸುವ ಪಾಳಿ

೧
ಎಲ್ಲಿಂದ ಶುರು ಮಾಡಲಿ? ಪೆಟ್ಟಿನಿಂದ ಶುರು ಮಾಡಿದರೆ ನೀವು ‘ಅಯ್ಯೋ ಪಾಪ’ ಅನ್ನುತ್ತೀರಿ. ಅಷ್ಟು ದೊಡ್ಡ ಬಹುಮಾನಕ್ಕೆ ನಾನಿನ್ನೂ ಏನೂ ಕಷ್ಟಪಟ್ಟಿಲ್ಲ. ಆದರೂ ಕೇಳಿ. ಹುಡುಗಿ ಹೈಸ್ಕೂಲು ತಂಡದ ಗೋಲ್‌ಕೀಪರ್. ಚೆಂಡು ಕೈಗೆ ಸಿಕ್ಕಿತು, ಕಂಬ ತಲೆಗೆ ಸಿಕ್ಕಿತು. ಭಗವಂತ ಪ್ರಾಣ ಹಿಂದಿರುಗಿಸಿದ, ನಿದ್ದೆಯನ್ನು ತಾನೇ ಇಟ್ಟುಕೊಂಡ.

(ದೇವರನ್ನು ಹೀಗೆ ಅನ್ನಬಾರದು. ಬೆಳಿಗ್ಗೆ ಕೈಮುಗಿಯುವಾಗ ತಪ್ಪಾಯಿತೆನ್ನುತ್ತೇನೆ. ವಾಕ್ಯ ಮಾತ್ರ ತೆಗೆಯಲಾರೆ, ಚೆನ್ನಾಗಿದೆ.)

೨
ಮೊದಲ ಡ್ರಾಫ್ಟಿನಲ್ಲಿ ಅಮ್ಮ ಬರೀ ಅಳುತ್ತಿದ್ದಳು. ಹರಿದುಹಾಕಿದೆ. ಈ ಅಮ್ಮ ಅಳುವವಳಲ್ಲ, ಎಬ್ಬಿಸುವವಳು. ಪೆಟ್ಟಾದ ದಿನ ಡಾಕ್ಟರು, ‘ರಾತ್ರಿ ಆಗಾಗ ಎಬ್ಬಿಸಿ ಮಾತಾಡಿಸಿ’ ಎಂದಿದ್ದರು. ಅಪ್ಪ ಕಾರ್ಖಾನೆಯಲ್ಲಿ ಶಿಫ್ಟ್ ಹಂಚುವ ಮೇಲ್ವಿಚಾರಕ, ಮನೆಯಲ್ಲೂ ಹಂಚಿದ. ಅಜ್ಜಿ, ಅಮ್ಮ, ಆಮೇಲೆ ತಾನು. ಭುಜ ಅಲ್ಲಾಡಿಸಿ ‘ನಾನ್ಯಾರು ಹೇಳು?’ ಎನ್ನುವುದು, ‘ಅಜ್ಜಿ’ ಎಂದರೆ ‘ಸರಿ, ಮಲಗು’ ಎಂದು ಮುಂದಿನವರಿಗೆ ಚಾರ್ಜ್ ಕೊಡುವುದು. ಶಾಲೆಯ ಒಂದು ಟರ್ಮೇ ಮುಗಿಯಿತು, ಪಾಳಿ ಮುಗಿಯಲಿಲ್ಲ.

೩
(ಇಲ್ಲಿ ಡಾಕ್ಟರನ್ನು ಕೆಟ್ಟವರನ್ನಾಗಿ ಮಾಡಿದರೆ ಕಥೆ ಓಡುತ್ತದೆ. ಆಕೆ ಒಳ್ಳೆಯವರು. ನನ್ನ ಹಣೆಬರಹ.)

"ನಿದ್ದೆ ಹೇಗಿದೆ?" ಮತ್ತೆ ತೋರಿಸಲು ಹೋದಾಗ ಡಾಕ್ಟರು ಕೇಳಿದರು.

"ಎಬ್ಬಿಸೋಕೆ ಹೋದಾಗೆಲ್ಲ ಎಚ್ಚರವಾಗೇ ಇರ್ತಾಳೆ ಡಾಕ್ಟ್ರೇ," ಅಮ್ಮ ದೂರಿದಳು. "ಕ್ಲಾಸಲ್ಲಿ ಮಾತ್ರ ಚೆನ್ನಾಗಿ ನಿದ್ದೆ ಮಾಡ್ತಾಳಂತೆ."

"ಎಬ್ಬಿಸೋಕಾ? ಯಾರು ಹೇಳಿದ್ದು?"

"ನೀವೇ!"

"ಅದು ಆ ಒಂದು ರಾತ್ರಿಗೆ ಕಣಮ್ಮಾ!"

"ಸಾಕು ಅಂತ ನೀವು ಹೇಳ್ಲೇ ಇಲ್ವಲ್ಲ," ಎಂದ ಅಪ್ಪ. "ನಮ್ಮಲ್ಲಿ ಆರ್ಡರ್ ಬರದೆ ಮಷೀನ್ ನಿಲ್ಸಲ್ಲ."

ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಪೆಟ್ಟಿನಿಂದ ಕೆಟ್ಟ ನಿದ್ದೆ, ಎಬ್ಬಿಸುವುದನ್ನು ಬಿಟ್ಟ ಮಾತ್ರಕ್ಕೆ ಸರಿಹೋಗಲಿಕ್ಕಿಲ್ಲ, ದಿನ ಹಿಡಿಯಬಹುದು ಎಂದರು. ಎಬ್ಬಿಸುತ್ತಲೇ ಇದ್ದರೆ ಸರಿಹೋಗಲು ದಾರಿಯೇ ಇಲ್ಲ ಎಂದೂ ಅಂದರು.

೪
"ಇವತ್ತು ಯಾರೂ ಒಳಗೆ ಬರಬೇಡಿ," ಮನೆಗೆ ಬಂದ ಮೇಲೆ ಹುಡುಗಿ ಹೇಳಿದಳು.

"ಬರಲ್ಲ ಕಣೆ. ಬಾಗಿಲಿಂದ ನೋಡ್ತೀನಷ್ಟೆ."

"ನೋಡೋದೂ ಬೇಡ."

"ನೀನು ಏಳದೇ ಹೋದ್ರೆ?" ಎಂದುಬಿಟ್ಟಳು ಅಮ್ಮ.

"ಬಿಡ್ತು ಅನ್ನೇ!" ಅಜ್ಜಿ ಗದರಿದಳು. ಅಪ್ಪ ಕಿಟಕಿ ನೋಡಿದ. ಇಷ್ಟು ದಿನ ‘ನಾನ್ಯಾರು ಹೇಳು?’ ಎಂದು ಮೂವರೂ ಕೇಳುತ್ತಿದ್ದದ್ದು ಇದನ್ನೇ.

೫
ಮುಕ್ತಾಯ ಒಂದು: ಹಾಯಾಗಿ ಮಲಗಿ, ನಗುತ್ತ ಎದ್ದಳು. (ಹಾಸಿಗೆಯ ಜಾಹೀರಾತು.)
ಮುಕ್ತಾಯ ಎರಡು: ಅಮ್ಮ ತಡೆಯಲಾರದೆ ಒಳಗೆ ಹೋದಳು. (ನೀವು ಬಾಜಿ ಕಟ್ಟುವುದು ಇದಕ್ಕೇ.)
ಮೂರನೆಯದು ಬರೆಯೋಣವೆಂದರೆ ಹುಡುಗಿ ದಿಂಬಿನಿಂದ ತಲೆ ಎತ್ತಿ ನನ್ನನ್ನೇ ನೋಡಿದಳು.

"ಈಗ ನೀವ್ಯಾಕೆ ಬಂದ್ರಿ?"

"ನಿದ್ದೆ ಬಂತಾ ಅಂತ... ಓದುಗರು ಕೇಳ್ತಾರಮ್ಮ."

"ಅವ್ರಿಗೂ ಒಂದು ಪಾಳಿ ಹಾಕಿದ್ರಾ? ನಿಮ್ಮ ಕಥೆ ಮುಗೀಲಿ ಅಂತ ನಾನು ಕಣ್ಮುಚ್ಚಬೇಕಾ? ಹೋಗಿ ಸಾರ್, ಲೈಟ್ ಆರ್ಸಿ."

ಆರಿಸಿ ಹೊರಗೆ ಬಂದೆ. ಅಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಬಾಗಿಲಾಚೆ ನೆಲದ ಮೇಲೆ ಕೂತಿದ್ದಳು. ಸ್ವಲ್ಪ ಸರಿದು ನನಗೂ ಜಾಗ ಬಿಟ್ಟಳು.

"ಮಲಗಿದಾಳಾ?"

"ಗೊತ್ತಿಲ್ಲ."

ಬರೆಯುವವನಿಗೆ ಗೋಡೆಯಾಚೆಯದೂ ಕಾಣುತ್ತದೆ ಎನ್ನುತ್ತಾರೆ. ನಿಜ, ನೋಡಬಹುದಿತ್ತು. ನೋಡಲಿಲ್ಲ. ನೋಡುವವನು ಮೇಲೊಬ್ಬನಿದ್ದಾನೆ, ಅವನು ಬಂದರೆ ಬಾಗಿಲು ಕಿರುಗುಟ್ಟುವುದಿಲ್ಲ.