ಬಿಗಿಯಾಗಿ ಕೂತ ಪಿಸ್ಟನ್

ನಾನು ಒಂದು ಪಿಸ್ಟನ್. ಬಸ್ಸಿನ ಎಂಜಿನ್ನಿನದಲ್ಲ, ಹುಬ್ಬಳ್ಳಿಯ ಕಾಲೇಜೊಂದರ ವಿದ್ಯಾರ್ಥಿಗಳು ಹಾರಿಸಿದ ಆಳೆತ್ತರದ ರಾಕೆಟ್ಟಿನದು. ನನ್ನ ಮೇಲೆ ಹೊರಿಸಿದ ಅಪವಾದ ಸುಳ್ಳು. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ನನ್ನನ್ನು ಕಡೆದವರು ಕಾಲೇಜಿನ ವರ್ಕ್‌ಶಾಪಿನ ಮೌನೇಶಪ್ಪ. ಮೂವತ್ತು ವರ್ಷ ಲೇತಿನ ಮುಂದೆ ನಿಂತ ಮನುಷ್ಯ. ರಾಕೆಟ್ಟಿನ ಕೊಳವೆಯೊಳಗೆ ಬಿಟ್ಟರೆ ನನ್ನ ಭಾರಕ್ಕೆ ನಾನೇ ಜಾರಿ ಇಳಿಯಬೇಕು, ಹಾಗೆ ಕಡೆದರು. ನನ್ನ ಕೆಲಸ ಒಂದೇ. ರಾಕೆಟ್ ಏರಿಕೆಯ ತುದಿ ಮುಟ್ಟಿದಾಗ ನನ್ನ ಕೆಳಗೆ ಚಿಟಿಕೆ ಮದ್ದು ಸಿಡಿಯುತ್ತದೆ. ಆ ಬೆಂಕಿಯನ್ನು ತಡೆದು, ಮುಂದೆ ನುಗ್ಗಿ, ಪ್ಯಾರಾಚೂಟನ್ನು ಹೊರಗೆ ದಬ್ಬಬೇಕು.

"ಇದರ ಮೈಗೆ ಏನೂ ಹಚ್ಚಬ್ಯಾಡವಾ. ಎಣ್ಣಿನೂ ಬ್ಯಾಡ," ಎಂದು ತಂಡದ ನಾಯಕಿ ವೈಭವಿಗೆ ಹೇಳಿಯೇ ಕೊಟ್ಟರು.

ಕಿವಿಗೆ ಬಿದ್ದರೆ ತಾನೆ? ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ರಾಕೆಟ್ ಬಿಚ್ಚಿ ಮೇಜಿನ ಮೇಲೆ ಹರವಿದರು. ಸ್ಕ್ರೂಡ್ರೈವರಿಗೂ ಹೂವು. ನೀರಲ್ಲಿ ಕಲಸಿದ ವಿಭೂತಿಯನ್ನು ವೈಭವಿ ನನ್ನ ಸುತ್ತ ಮೂರು ಬೆರಳಲ್ಲಿ ಎಳೆದಳು. ಭಕ್ತಿಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಗದದಷ್ಟು ಸಂದಿಯಲ್ಲಿ ಜಾರಬೇಕಾದ ನನ್ನ ಮೈಮೇಲೆ ಅದು ಸುಣ್ಣದಂತೆ ಒಣಗಿತು.

ಮೂರನೇ ದಿನ ಜೋಡಿಸುವಾಗ ನಾನು ಇಳಿಯಲಿಲ್ಲ.

"ಬಿಗಿ ಆಗೇತಲ್ಲ?" ಎಂದ ತಂಡದ ಒಬ್ಬ.

"ಪೂಜಿದ್ದು ಒರಸಬಾರದು. ದಬ್ಬು, ಹೋಗತೈತಿ," ಎಂದಳು ವೈಭವಿ. ಕೋಲಿನಿಂದ ಗುದ್ದಿ ಕೂರಿಸಿದರು.

ಹಾರಿಸಿದ ದಿನ ಸಾವಿರ ಮೀಟರ್ ಮೇಲೆ ಮದ್ದು ಸಿಡಿಯಿತು. ಇದ್ದ ಬಲವನ್ನೆಲ್ಲ ಹಾಕಿದೆ. ಅರ್ಧ ಗೇಣು ಜರುಗಿ ಕಚ್ಚಿಕೊಂಡೆ. ಪ್ಯಾರಾಚೂಟ್ ಒಳಗೇ ಉಳಿಯಿತು. ಒಂದು ವರ್ಷದ ದುಡಿಮೆ ಮೂತಿ ಕೆಳಗಾಗಿ ಬಂದು ಎರೆಹೊಲದಲ್ಲಿ ಹೂತುಹೋಯಿತು.

ವಿಭಾಗದ ಮುಖ್ಯಸ್ಥ ಕಟಗೇರಿ ಸರ್ ವಿಚಾರಣೆ ಇಟ್ಟರು. ಅದಕ್ಕೂ ಮೊದಲೇ ವೈಭವಿ ನನ್ನನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದಿದ್ದಳು, ಕಳ್ಳಿ. "ಅಳತಿ ತಪ್ಪೇತ್ರಿ ಸರ್," ಎಂದು ನಿಂತಳು. ನಿವೃತ್ತಿಗೆ ಹತ್ತು ದಿನವಿದ್ದ ಮೌನೇಶಪ್ಪನವರ ಹೆಸರಿನ ಮುಂದೆ ಸರ್ 'ಅಜಾಗರೂಕ ಕೆಲಸ' ಎಂದು ಬರೆದರು.

ಮೌನೇಶಪ್ಪ ನನ್ನನ್ನು ಕೈಗೆತ್ತಿಕೊಂಡು ತಿರುಗಿಸಿದರು. ಪ್ಯಾರಾಚೂಟಿನ ಹಗ್ಗ ಕಟ್ಟುವ ನನ್ನ ತೂತಿನಲ್ಲಿ ಬೆಳ್ಳಗೆ ಏನೋ ಉಳಿದಿತ್ತು. ಉಗುರಿನಿಂದ ಕೆದರಿ ಮೂಸಿದರು. ವೈಭವಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. ಹೇಳಿ, ಈಗಲಾದರೂ ಹೇಳಿ ಎಂದು ಒಳಗೇ ಒದ್ದಾಡಿದೆ.

"ತಪ್ಪಾತ್ರಿ ಸರ್," ಎಂದು ಅವರು ಸಹಿ ಹಾಕಿದರು. ಓದುವ ಹುಡುಗಿ, ಬಾಳು ಹಾಳಾಗಬಾರದು ಎಂದುಕೊಂಡರೇನೋ. ಅವರ ಮೂವತ್ತು ವರ್ಷಕ್ಕೆ ಬೆಲೆಯಿಲ್ಲವೇ?

ಈಗ ಅವರ ಮನೆಯ ಗೋಡೆಗೂಡಿನಲ್ಲಿದ್ದೇನೆ. ಮೊನ್ನೆ ಕಸ ಹೊಡೆಯುತ್ತಿದ್ದ ಅವರ ಹೆಂಡತಿ, "ಇದೇನ್ರಿ, ಒಗೀಲೇನು?" ಎಂದು ಕೇಳಿದರು.

"ಬ್ಯಾಡ. ನಾ ಮಾಡಿದ್ದರಾಗ ಭಾಳ ಚಲೋದು ಅದು," ಎಂದರು ಮೌನೇಶಪ್ಪ.

ಅದನ್ನು ವಿಚಾರಣೆಯ ಆ ಕೋಣೆಯಲ್ಲಿ ಹೇಳಬೇಕಿತ್ತು.